ಯಾವ ಮೊಬೈಲ್ ಕಂಪೆನಿ ಒಳ್ಳೆಯದು? ಪಾರಿಶ್ವಾಡದ ಉತ್ತರ ಬೇರೆ, ಕಣಕುಂಬಿಯ ಉತ್ತರ ಬೇರೆ

ಬೆಳಗಾವಿ: ಯಾವ ಕಂಪೆನಿಯ ಸಿಮ್ ಒಳ್ಳೆಯದು, ಯಾವ ಹ್ಯಾಂಡ್‌ಸೆಟ್ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳಲಾರದವರು ಇಂದು ವಿರಳ. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ಕಚೇರಿಯ ಊಟದ ವಿರಾಮದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಈ ಚರ್ಚೆ ನಡೆದೇ ಇರುತ್ತದೆ. ಒಬ್ಬರು ಹೊಗಳಿದ ಕಂಪೆನಿಯನ್ನು ಪಕ್ಕದಲ್ಲಿ ಕುಳಿತವರು ಅಷ್ಟೇ ಖಡಾಖಂಡಿತವಾಗಿ ತೆಗಳುತ್ತಾರೆ. ವಿಶೇಷವೆಂದರೆ, ಇಬ್ಬರ ಮಾತೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯ.

ಸಂಚಾರಿ ದೂರವಾಣಿಯ ಗುಣಮಟ್ಟ ಕಂಪೆನಿಯ ಹೆಸರಿಗಿಂತ ಹೆಚ್ಚಾಗಿ ಬಳಕೆದಾರ ನಿಂತ ಜಾಗವನ್ನು ಅವಲಂಬಿಸಿದೆ. ಬೆಂಗಳೂರು, ಹುಬ್ಬಳ್ಳಿ ಅಥವಾ ಬೆಳಗಾವಿಯಲ್ಲಿ ನೆಲೆಸಿದ ಮಗ ನಗರದ ಅನುಭವದ ಮೇಲೆ ಒಂದು ಸಿಮ್ ಆರಿಸಿ ಊರಿನ ತಾಯಿಗೆ ಕೊಡುತ್ತಾನೆ. ಆ ಸಿಮ್ ಊರ ಅಡುಗೆಮನೆಯಲ್ಲಿ ‘ವ್ಯಾಪ್ತಿ ಪ್ರದೇಶದ ಹೊರಗೆ’ ಉಳಿದರೆ ತಪ್ಪು ಕಂಪೆನಿಯದೂ ಅಲ್ಲ, ತಾಯಿಯದೂ ಅಲ್ಲ. ನಗರದ ಅಭಿಪ್ರಾಯವನ್ನು ಹಳ್ಳಿಗೆ ಅನ್ವಯಿಸಿದ್ದೇ ತಪ್ಪು. ಖಾನಾಪುರ ತಾಲ್ಲೂಕು ಈ ಸಂಗತಿಗೆ ತಕ್ಕ ನಿದರ್ಶನ.

ಒಂದೇ ತಾಲ್ಲೂಕು, ಎರಡು ನೆಲ

ಬೆಳಗಾವಿ ನಗರದಿಂದ ಸುಮಾರು 26 ಕಿ.ಮೀ. ದೂರದಲ್ಲಿರುವ ಖಾನಾಪುರ ಪಟ್ಟಣವನ್ನು ನಡುವಿಟ್ಟು ನೋಡಿದರೆ ತಾಲ್ಲೂಕು ಎರಡು ಬೇರೆ ಬೇರೆ ನೆಲಗಳಾಗಿ ಕಾಣುತ್ತದೆ. ಪಾರಿಶ್ವಾಡ, ಇಟಗಿ ಮೊದಲಾದ ಗ್ರಾಮಗಳಿರುವ ಪೂರ್ವ ಭಾಗ ಬಯಲಿಗೆ ಹೊಂದಿಕೊಂಡದ್ದು. ಕೃಷಿಯೇ ಇಲ್ಲಿನ ಬದುಕು. ಜಾಂಬೋಟಿ, ಕಣಕುಂಬಿ, ಹೆಮ್ಮಡಗಾಗಳಿರುವ ಪಶ್ಚಿಮ ಭಾಗ ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅಲ್ಲಿಂದ ಮುಂದೆ ಚೋರ್ಲಾ ಘಾಟ್ ಇಳಿದರೆ ಗೋವಾ.

ರೇಡಿಯೊ ತರಂಗಕ್ಕೆ ಈ ಎರಡು ನೆಲಗಳು ಒಂದೇ ಅಲ್ಲ. ಬಯಲಿನಲ್ಲಿ ಒಂದು ಎತ್ತರದ ಗೋಪುರ ಸುತ್ತಲಿನ ಹಲವು ಹಳ್ಳಿಗಳಿಗೆ ಸಂಕೇತ ಮುಟ್ಟಿಸಬಲ್ಲದು. ಗುಡ್ಡಗಾಡಿನಲ್ಲಿ ಅದೇ ಗೋಪುರದ ಸಂಕೇತ ಮೊದಲ ಗುಡ್ಡಕ್ಕೇ ತಡೆಯುತ್ತದೆ. ಹಿಂದಿನ ಕಣಿವೆ ನೆರಳಿನಲ್ಲಿ ಉಳಿಯುತ್ತದೆ. ತರಂಗಾಂತರವೂ ಮುಖ್ಯ. 700, 850, 900 ಮೆಗಾಹರ್ಟ್ಸ್‌ನಂತಹ ಕೆಳಗಿನ ತರಂಗಾಂತರಗಳು ದೂರ ಸಾಗುತ್ತವೆ, ಗೋಡೆಯನ್ನು ಹೆಚ್ಚು ಸುಲಭವಾಗಿ ದಾಟುತ್ತವೆ. 1800, 2100, 2300 ಮೆಗಾಹರ್ಟ್ಸ್ ತರಂಗಾಂತರಗಳು ಹೆಚ್ಚು ದತ್ತಾಂಶ ಹೊರಬಲ್ಲವಾದರೂ ಬೇಗ ಸೊರಗುತ್ತವೆ. 5ಜಿಗೆ ಬಳಸುವ 3500 ಮೆಗಾಹರ್ಟ್ಸ್‌ನ ವ್ಯಾಪ್ತಿ ಇನ್ನೂ ಕಿರಿದು. ನಗರದಲ್ಲಿ ಗೋಪುರಗಳು ಒತ್ತೊತ್ತಾಗಿರುವುದರಿಂದ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳ್ಳಿಯಲ್ಲಿ ಅದು ಮನೆಯ ಹೊಸ್ತಿಲಲ್ಲೇ ಗೊತ್ತಾಗುತ್ತದೆ: ಅಂಗಳದಲ್ಲಿ ಸಿಗುವ ರೇಂಜ್ ನಡುಮನೆಯಲ್ಲಿ ಇರುವುದಿಲ್ಲ. ತಗಡಿನ ಛಾವಣಿಯಿದ್ದರೆ ಇನ್ನಷ್ಟು ಕಡಿಮೆ.

ಮೂರನೆಯ ಅಂಶ ವಿದ್ಯುತ್. ಗೋಪುರದ ಯಂತ್ರಗಳು ವಿದ್ಯುತ್ ಕಡಿತವಾದಾಗ ಬ್ಯಾಟರಿ ಅಥವಾ ಡೀಸೆಲ್ ಜನರೇಟರ್ ಮೇಲೆ ನಡೆಯುತ್ತವೆ. ಮುಂಗಾರಿನಲ್ಲಿ ಮರ ಬಿದ್ದು ತಂತಿ ಕಡಿದರೆ ಕಾಡಂಚಿನ ಊರುಗಳಿಗೆ ದಿನಗಟ್ಟಲೆ ವಿದ್ಯುತ್ ಬಾರದು. ಬ್ಯಾಟರಿ ಮುಗಿದೊಡನೆ ಗೋಪುರವೂ ಮೂಕವಾಗುತ್ತದೆ. ಬೇಸಿಗೆಯಲ್ಲಿ ಹೊಗಳಿಸಿಕೊಂಡ ಕಂಪೆನಿ ಮಳೆಗಾಲದಲ್ಲಿ ಬೈಸಿಕೊಳ್ಳುವುದಕ್ಕೆ ಕಾರಣ ಇದೇ.

ಕಂಪೆನಿಗಳು ಬಂದ ಬಗೆ

ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಕೇಂದ್ರ ಸಂಪರ್ಕ ಸಚಿವ ಸುಖರಾಂ ನಡುವೆ. ಆಗ ನಿಮಿಷಕ್ಕೆ 16 ರೂಪಾಯಿ 80 ಪೈಸೆವರೆಗೆ ದರವಿತ್ತು. ಬಂದ ಕರೆಗೂ ಹಣ ತೆರಬೇಕಿತ್ತು. ಕರ್ನಾಟಕ ವೃತ್ತದ ಮೊದಲ ಎರಡು ಖಾಸಗಿ ಪರವಾನಗಿಗಳು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಪಾಲಾದವು. ಜೆಟಿ ಮೊಬೈಲ್ಸ್ ನಂತರ ಭಾರ್ತಿ ಸಮೂಹದ ವಶವಾಗಿ ಏರ್‌ಟೆಲ್ ಎನಿಸಿತು. 2002ರಲ್ಲಿ ಹಚ್ ಕರ್ನಾಟಕಕ್ಕೆ ಬಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ‘ಸೆಲ್‌ಒನ್’ ಹೆಸರಿನಲ್ಲಿ ಮೊಬೈಲ್ ಸೇವೆ ಆರಂಭಿಸಿತು.

ಅಲ್ಲಿಯವರೆಗೆ ಹಳ್ಳಿಯ ಸಂಪರ್ಕವೆಂದರೆ ಸ್ಥಿರ ದೂರವಾಣಿ ಮತ್ತು ಹಳದಿ ಫಲಕದ ಎಸ್‌ಟಿಡಿ ಬೂತ್. ಬೆಳಗಾವಿಯ 0831, ಖಾನಾಪುರದ 08336 ಎಂಬ ಸಂಕೇತ ಸಂಖ್ಯೆಗಳು ಬಾಯಿಪಾಠವಾಗಿದ್ದ ಕಾಲ ಅದು. ತಂತಿ ಎಳೆಯಲಾಗದ ಕಡೆ ಬಿಎಸ್‌ಎನ್‌ಎಲ್‌ನ ‘ತರಂಗ್’ ನಿಸ್ತಂತು ದೂರವಾಣಿಗಳು ಬಂದವು. ಖಾಸಗಿ ಕಂಪೆನಿಗಳು ಮೊದಲು ನಗರ ಹಾಗೂ ಹೆದ್ದಾರಿಗಳನ್ನು ಹಿಡಿದವು. ಒಳನಾಡಿನ ಅನೇಕ ಊರುಗಳಿಗೆ ದೂರವಾಣಿ ವಿನಿಮಯ ಕೇಂದ್ರದ ಆವರಣದಲ್ಲಿಯೇ ಗೋಪುರ ನಿಲ್ಲಿಸಬಲ್ಲ ಸರ್ಕಾರಿ ಸಂಸ್ಥೆಯ ಸಂಕೇತ ಮೊದಲು ತಲುಪಿತು. ‘ಹಳ್ಳಿಗೆ ಬಿಎಸ್‌ಎನ್‌ಎಲ್ಲೇ ಸೈ’ ಎಂಬ ಹಿರಿಯರ ಮಾತಿನ ಬೇರು ಇಲ್ಲಿದೆ. ಇತರ ಕಂಪೆನಿಗಳು ಬಂದ ಬಳಿಕವೂ ಆ ಮಾತು ಉಳಿಯಿತು. ವಾಸ್ತವ ಮಾತ್ರ ಊರಿನಿಂದ ಊರಿಗೆ ಬದಲಾಯಿತು.

2003 ತಿರುವಿನ ವರ್ಷ. ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ರಿಲಯನ್ಸ್ ಕಂಪೆನಿ 501 ರೂಪಾಯಿಗೆ ಸಿಡಿಎಂಎ ಹ್ಯಾಂಡ್‌ಸೆಟ್ ಕೈಗಿತ್ತು, ಉಳಿದದ್ದನ್ನು ಕಂತಿನಲ್ಲಿ ವಸೂಲು ಮಾಡಿತು. ಸಿರಿವಂತರ ಸೊತ್ತಾಗಿದ್ದ ಮೊಬೈಲ್ ಹಮಾಲರ, ಟೆಂಪೊ ಚಾಲಕರ ಕಿಸೆಗೆ ಇಳಿಯಿತು. ಆದರೆ ಸಿಡಿಎಂಎ ಹ್ಯಾಂಡ್‌ಸೆಟ್ ಆ ಕಂಪೆನಿಗೇ ಕಟ್ಟುಬಿದ್ದದ್ದು. ಸೇವೆ ಹಿಡಿಸದಿದ್ದರೆ ಹ್ಯಾಂಡ್‌ಸೆಟ್ಟನ್ನೂ ಬಿಡಬೇಕಿತ್ತು. ಕಂಪೆನಿಯ ಬಗೆಗಿನ ಅಭಿಪ್ರಾಯವೂ ಹ್ಯಾಂಡ್‌ಸೆಟ್ ಬಗೆಗಿನ ಅಭಿಪ್ರಾಯವೂ ಒಂದಾಗಿ ಬೆರೆತದ್ದು ಆಗಲೇ.

ಗಡಿಯೂ ಒಂದು ವೃತ್ತ

ದೂರಸಂಪರ್ಕ ಇಲಾಖೆಯ ನಕ್ಷೆಯಲ್ಲಿ ಕರ್ನಾಟಕ ಒಂದು ವೃತ್ತ. ಮಹಾರಾಷ್ಟ್ರ ಮತ್ತು ಗೋವಾ ಸೇರಿ ಇನ್ನೊಂದು. ಈ ಎರಡು ವೃತ್ತಗಳ ಗಡಿ ಬೆಳಗಾವಿ ಜಿಲ್ಲೆಯ ಅಂಚಿನಲ್ಲೇ ಹಾದುಹೋಗುತ್ತದೆ. ಒಂದು ಮನೆತನದ ನೆಂಟಸ್ತಿಕೆ ಚಂದಗಡ, ಕೊಲ್ಲಾಪುರ, ಪಣಜಿಗಳಲ್ಲಿ ಹರಡಿರುವುದು ಇಲ್ಲಿ ಸಾಮಾನ್ಯ. ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ದೂರವಾಣಿಯ ಲೆಕ್ಕದಲ್ಲಿ ಮಾತ್ರ ಅದು ಪರಸ್ಥಳ.

ಐಡಿಯಾ ಕಂಪೆನಿ ಮಹಾರಾಷ್ಟ್ರ–ಗೋವಾ ವೃತ್ತದಲ್ಲಿ 1990ರ ದಶಕದಿಂದಲೇ ಇತ್ತು, ಕರ್ನಾಟಕದಲ್ಲಿ ಇರಲಿಲ್ಲ. ಸ್ಪೈಸ್ ಇದ್ದದ್ದು ಕರ್ನಾಟಕ ಮತ್ತು ಪಂಜಾಬಿನಲ್ಲಿ ಮಾತ್ರ. ಕೊಲ್ಲಾಪುರದ ಐಡಿಯಾ ಗ್ರಾಹಕ ನಿಪ್ಪಾಣಿ ದಾಟುತ್ತಲೇ, ಬೆಳಗಾವಿಯ ಸ್ಪೈಸ್ ಗ್ರಾಹಕ ಚೋರ್ಲಾ ಇಳಿಯುತ್ತಲೇ ಪರಕೀಯರ ಜಾಲದಲ್ಲಿ ಇರುತ್ತಿದ್ದರು. 2008ರಲ್ಲಿ ಐಡಿಯಾ ಸ್ಪೈಸನ್ನು ಕೊಂಡಾಗ ಗಡಿಭಾಗದ ಗ್ರಾಹಕರಿಗೆ ಎರಡೂ ಬದಿಯಲ್ಲಿ ಒಂದೇ ಕಂಪೆನಿ ದೊರೆತಂತಾಯಿತು. ಬೆಂಗಳೂರಿನವರಿಗೆ ಅದು ಕೇವಲ ವ್ಯಾಪಾರದ ಸುದ್ದಿಯಾಗಿತ್ತು.

ಗಡಿ ದಾಟದೆಯೇ ಗಡಿಶುಲ್ಕ ತೆರುವ ಪ್ರಸಂಗವೂ ಇತ್ತು. ತರಂಗಕ್ಕೆ ರಾಜ್ಯದ ಗಡಿ ತಿಳಿಯದು. ಗಡಿ ಊರಿನ ಮನೆಯಲ್ಲಿ ಕುಳಿತಿದ್ದರೂ ಪಕ್ಕದ ರಾಜ್ಯದ ಗೋಪುರ ಬಲವಾಗಿದ್ದರೆ ಹ್ಯಾಂಡ್‌ಸೆಟ್ ಅದನ್ನೇ ಹಿಡಿಯುತ್ತಿತ್ತು. ಕರೆ ರೋಮಿಂಗ್ ಲೆಕ್ಕಕ್ಕೆ ಸೇರುತ್ತಿತ್ತು. ಇದನ್ನು ತಪ್ಪಿಸಲು ಜಾಲವನ್ನು ಕೈಯಾರೆ ಆರಿಸಿಕೊಳ್ಳುವ ವಿದ್ಯೆಯನ್ನು ಜನ ಕಲಿತರು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ರೋಮಿಂಗ್ ದರದ ಮಿತಿಯನ್ನು 2007, 2013 ಮತ್ತು 2015ರಲ್ಲಿ ಇಳಿಸುತ್ತ ಬಂದಿತು. 2015ರ ಮೇ 1ರಿಂದ ರೋಮಿಂಗ್‌ನಲ್ಲಿ ಒಳಬರುವ ಕರೆಗೆ ನಿಮಿಷಕ್ಕೆ 45 ಪೈಸೆ ಗರಿಷ್ಠ ಮಿತಿಯಾಯಿತು. 2017ರ ವೇಳೆಗೆ ಪ್ರಮುಖ ಕಂಪೆನಿಗಳು ದೇಶದೊಳಗಿನ ರೋಮಿಂಗ್ ಶುಲ್ಕವನ್ನೇ ಕೈಬಿಟ್ಟವು. ಗಡಿ ಜಿಲ್ಲೆಯ ಜೇಬಿಗೆ ಇದರಿಂದ ಆದಷ್ಟು ಉಪಕಾರ ಒಳನಾಡಿಗೆ ಆಗಿರಲಾರದು.

ಹ್ಯಾಂಡ್‌ಸೆಟ್: ಹಳ್ಳಿಯ ಅಳತೆಗೋಲು

ನಗರದ ಗ್ರಾಹಕ ಹೊಸ ಹ್ಯಾಂಡ್‌ಸೆಟ್ಟನ್ನು ಕ್ಯಾಮೆರಾದಿಂದ, ಪರದೆಯಿಂದ ಅಳೆಯುತ್ತಾನೆ. ಹಳ್ಳಿಯ ಅಳತೆಗೋಲು ಮೊದಲಿನಿಂದಲೂ ಬೇರೆ: ಬ್ಯಾಟರಿ ಎಷ್ಟು ದಿನ ಬಾಳುತ್ತದೆ, ಟಾರ್ಚ್ ಇದೆಯೇ, ಹೊಲದ ಬದುವಿನಿಂದ ಬಿದ್ದರೆ ಉಳಿಯುತ್ತದೆಯೇ, ಟ್ರ್ಯಾಕ್ಟರ್ ಸದ್ದಿನಲ್ಲೂ ಗಂಟೆ ಕೇಳುತ್ತದೆಯೇ. 2003ರಲ್ಲಿ ಬಂದ ನೋಕಿಯಾ 1100 ಈ ಪ್ರಶ್ನೆಗಳಿಗೆಲ್ಲ ಉತ್ತರವಾಗಿತ್ತು. ಧೂಳು ಹೋಗದ ಕೀಲಿಮಣೆ, ತಲೆಯಲ್ಲೊಂದು ಟಾರ್ಚ್. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಆ ಮಾದರಿಗೆ ಭಾರತದ ಹಳ್ಳಿಗಳಲ್ಲಿ ಸಿಕ್ಕ ಮರ್ಯಾದೆ ನಂತರದ ಯಾವ ದುಬಾರಿ ಹ್ಯಾಂಡ್‌ಸೆಟ್ಟಿಗೂ ಸಿಗಲಿಲ್ಲ.

ನಂತರ ಬಂದದ್ದು ಎರಡು ಸಿಮ್‌ಗಳ ಯುಗ. ಮನೆಯಲ್ಲಿ ಒಂದು ಕಂಪೆನಿಯ ರೇಂಜ್, ಹೊಲದಲ್ಲಿ ಇನ್ನೊಂದರದು ಎಂಬ ಊರುಗಳಿಗೆ ಇದು ಹೇಳಿ ಮಾಡಿಸಿದ ಪರಿಹಾರವಾಗಿತ್ತು. ಮೈಕ್ರೋಮ್ಯಾಕ್ಸ್ ಹಾಗೂ ಹೆಸರಿಲ್ಲದ ‘ಚೀನಾ ಸೆಟ್’ಗಳು ಈ ಬೇಡಿಕೆಯನ್ನು ಮೊದಲು ಅರಿತವು. ನೋಕಿಯಾ ತಡವಾಗಿ ಅರಿತು ಬೆಲೆ ತೆತ್ತಿತು. ಐಎಂಇಐ ಸಂಖ್ಯೆ ಇಲ್ಲದ ಹ್ಯಾಂಡ್‌ಸೆಟ್‌ಗಳ ಸಂಪರ್ಕವನ್ನು 2009ರ ಕೊನೆಯಲ್ಲಿ ಕೇಂದ್ರ ಸರ್ಕಾರ ಕಡಿತಗೊಳಿಸಿದಾಗ ಅಗ್ಗದ ಸೆಟ್ ಕೊಂಡ ಅನೇಕರು ಕೈಸುಟ್ಟುಕೊಂಡರು.

ಭಾಷೆಯೂ ಹಳ್ಳಿಯ ಅಳತೆಗೋಲುಗಳಲ್ಲಿ ಒಂದು. ಬಹುಕಾಲ ಕನ್ನಡದಲ್ಲಿ ಕಳುಹಿಸಿದ ಸಂದೇಶ ಮತ್ತೊಂದು ಹ್ಯಾಂಡ್‌ಸೆಟ್‌ನಲ್ಲಿ ಬರೀ ಚೌಕಗಳ ಸಾಲಾಗಿ ಕಾಣುತ್ತಿತ್ತು. ದೇಶದಲ್ಲಿ ಮಾರಾಟವಾಗುವ ಪ್ರತಿ ಹ್ಯಾಂಡ್‌ಸೆಟ್ 22 ಅಧಿಕೃತ ಭಾಷೆಗಳ ಸಂದೇಶಗಳನ್ನು ಓದಿಸಬಲ್ಲದಾಗಿರಬೇಕು ಎಂಬ ಮಾನದಂಡವನ್ನು ಕೇಂದ್ರ 2016ರಲ್ಲಿ ಹೊರಡಿಸಿ, ಬಳಿಕ ಹಂತಹಂತವಾಗಿ ಜಾರಿಗೆ ತಂದಿತು. ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿರುವ ಖಾನಾಪುರದಂತಹ ತಾಲ್ಲೂಕಿಗೆ ಇದರ ಮಹತ್ವ ದೊಡ್ಡದು.

ಪಂಪ್‌ಸೆಟ್ಟಿನ ಸಿಮ್

ನಗರದವರಿಗೆ ಅಷ್ಟಾಗಿ ತಿಳಿಯದ ಒಬ್ಬ ಗ್ರಾಹಕ ಹಳ್ಳಿಯಲ್ಲಿದ್ದಾನೆ: ಪಂಪ್‌ಸೆಟ್. ಕೃಷಿಗೆ ತ್ರೀಫೇಸ್ ವಿದ್ಯುತ್ ಪಾಳಿಯ ಮೇಲೆ, ಅನೇಕ ವೇಳೆ ಅಪರಾತ್ರಿಯಲ್ಲಿ ಬರುತ್ತದೆ. ಕತ್ತಲಲ್ಲಿ ಹಾವು, ಕಾಡುಹಂದಿಗಳ ಭಯದ ನಡುವೆ ಹೊಲಕ್ಕೆ ನಡೆಯುವ ಬದಲು ರೈತರು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಿಮ್ ಹಾಕಿ, ಮನೆಯಿಂದಲೇ ಕರೆ ಮಾಡಿ ಮೋಟಾರು ಚಾಲೂ ಮಾಡುವ ‘ಮೊಬೈಲ್ ಸ್ಟಾರ್ಟರ್’ ಅಳವಡಿಸಿಕೊಂಡರು. ಇಂತಹ ಸಾಧನಗಳಲ್ಲಿ ಪುಣೆಯ ‘ನ್ಯಾನೊ ಗಣೇಶ್’ ಮೊದಲ ಸಾಲಿನದು.

ಈ ಸಿಮ್‌ಗೆ ಇಂಟರ್ನೆಟ್ ಬೇಡ, ಸಿನಿಮಾ ಬೇಡ. ಕರೆಯೊಂದು ತಲುಪಿದರೆ ಸಾಕು. ಹೊಳೆದಂಡೆಯಲ್ಲೋ ಬೋರ್‌ವೆಲ್ ಪಕ್ಕದಲ್ಲೋ ಯಾವ ಕಂಪೆನಿಯ ಸಂಕೇತ ಸಿಗುತ್ತದೋ ಅದೇ ಆ ರೈತನಿಗೆ ಒಳ್ಳೆಯ ಕಂಪೆನಿ. ಹಳೆಯ ಸ್ಟಾರ್ಟರ್‌ಗಳಲ್ಲಿ ಬಹುಪಾಲು 2ಜಿ ತಂತ್ರಜ್ಞಾನದವು. 4ಜಿ ಮತ್ತು 5ಜಿ ಮಾತ್ರ ಇರುವ ಜಿಯೊ ಜಾಲದಲ್ಲಿ ಅವು ಕೆಲಸ ಮಾಡಲಾರವು. ಹೊಸ ಸ್ಟಾರ್ಟರ್ ಕೊಳ್ಳುವವರು 4ಜಿ ಮಾದರಿಯನ್ನೇ ಕೇಳಿ ಪಡೆಯುವುದು ಲೇಸು. ವೇಗದ ಜಾಹೀರಾತುಗಳಲ್ಲಿ ಎಲ್ಲಿಯೂ ಕಾಣದ ಈ ಗ್ರಾಹಕನಿಗೆ ಮುಂದೆ ಬಂದ ದರ ಬದಲಾವಣೆಗಳ ಬಿಸಿ ಜೋರಾಗಿಯೇ ತಟ್ಟಿತು.

ಒಂಬತ್ತರಿಂದ ನಾಲ್ಕಕ್ಕೆ

2010ರ ಸುಮಾರಿಗೆ ಕರ್ನಾಟಕದ ಗ್ರಾಹಕನ ಮುಂದೆ ಏರ್‌ಟೆಲ್, ಬಿಎಸ್‌ಎನ್‌ಎಲ್, ವೊಡಾಫೋನ್, ಐಡಿಯಾ, ರಿಲಯನ್ಸ್, ಟಾಟಾ, ಏರ್‌ಸೆಲ್, ಯುನಿನಾರ್, ಎಂಟಿಎಸ್ ಎಂದು ಒಂಬತ್ತು ಹೆಸರುಗಳಿದ್ದವು. ಹಚ್ 2007ರಲ್ಲಿಯೇ ವೊಡಾಫೋನ್ ಎನಿಸಿತ್ತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆಯ ದರ ತಂದು ಎಲ್ಲರನ್ನೂ ಅದೇ ದಾರಿಗೆ ಎಳೆಯಿತು. 2011ರ ಜನವರಿ 20ರಿಂದ ಸಂಖ್ಯೆ ಬದಲಿಸದೆ ಕಂಪೆನಿ ಬದಲಿಸುವ ಹಕ್ಕು ದೇಶದಾದ್ಯಂತ ಜಾರಿಗೆ ಬಂದಿತು. ಗ್ರಾಹಕನ ಅಭಿಪ್ರಾಯಕ್ಕೆ ಬೆಲೆ ಬಂದ ಕಾಲ ಅದು.

ಆ ಕಾಲ ಹೆಚ್ಚು ದಿನ ಬಾಳಲಿಲ್ಲ. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದುಪಡಿಸಿತು. ಯುನಿನಾರ್ ಕರ್ನಾಟಕದಿಂದ ಹೊರನಡೆಯಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದಿತು. ಉಚಿತ ಕರೆ, ಅಗ್ಗದ ಇಂಟರ್ನೆಟ್ಟಿನ ಹೊಡೆತಕ್ಕೆ ಏರ್‌ಸೆಲ್ ಹಾಗೂ ರಿಲಯನ್ಸ್ ಕಮ್ಯುನಿಕೇಷನ್ಸ್‌ನ ಮೊಬೈಲ್ ಸೇವೆಗಳು ಮುಚ್ಚಿದವು. ಟಾಟಾದ ಗ್ರಾಹಕರು ಏರ್‌ಟೆಲ್‌ಗೆ ಸೇರಿದರು. ವೊಡಾಫೋನ್ ಮತ್ತು ಐಡಿಯಾ 2018ರ ಆಗಸ್ಟ್‌ನಲ್ಲಿ ವಿಲೀನಗೊಂಡು 2020ರಲ್ಲಿ ‘ವಿ’ ಎಂಬ ಒಂದೇ ಹೆಸರು ತಳೆದವು. ಉಳಿದದ್ದು ಮೂರು ಖಾಸಗಿ ಕಂಪೆನಿಗಳು ಮತ್ತು ಒಂದು ಸರ್ಕಾರಿ ಸಂಸ್ಥೆ.

ನಗರದಲ್ಲಿ ನಾಲ್ಕೂ ಸಿಗುತ್ತವೆ. ಊರಿನಲ್ಲಿ ಚೆನ್ನಾಗಿ ಸಿಗುವುದು ಒಂದೋ ಎರಡೋ ಆದರೆ, ಅಲ್ಲಿ ಅಭಿಪ್ರಾಯಕ್ಕೆ ಎಡೆಯೇ ಇಲ್ಲ. ಸಿಕ್ಕದ್ದೇ ಒಳ್ಳೆಯದು.

ಬಿಎಸ್‌ಎನ್‌ಎಲ್ 4ಜಿ ವಿಷಯದಲ್ಲಿ ವರ್ಷಗಟ್ಟಲೆ ಹಿಂದುಳಿಯಿತು. ಟಿಸಿಎಸ್, ಸಿ–ಡಾಟ್ ಹಾಗೂ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ರೂಪಿಸಿದ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಹಳೆಯ ಹ್ಯಾಂಡ್‌ಸೆಟ್ ಉಳ್ಳವರು ಇಲ್ಲಿ ಒಂದು ಮಾತು ಗಮನಿಸಬೇಕು. ಈ ಜಾಲ 700 ಮೆಗಾಹರ್ಟ್ಸ್ ತರಂಗಾಂತರವನ್ನೂ ಬಳಸುತ್ತದೆ. ಅದನ್ನು ಗ್ರಹಿಸದ ಹ್ಯಾಂಡ್‌ಸೆಟ್‌ನಲ್ಲಿ ಗೋಪುರ ಎದುರಿಗಿದ್ದರೂ ಪೂರ್ಣ ಪ್ರಯೋಜನ ಸಿಗದು. ಕಂಪೆನಿಯ ಮೇಲೆ ಹೊರಿಸುವ ದೂರು ಹ್ಯಾಂಡ್‌ಸೆಟ್ಟಿಗೆ ಸೇರಬೇಕಾದ ಸಂದರ್ಭ ಇದು.

‘ಜೀವಮಾನ’ದಿಂದ 28 ದಿನಕ್ಕೆ

ಮೊದಲೆಲ್ಲ ಅಂಗಡಿಗೆ ಹೋಗಿ ‘ಹತ್ತು ರೂಪಾಯಿ ಕರೆನ್ಸಿ ಹಾಕಿ’ ಎಂದರೆ ಮುಗಿಯುತ್ತಿತ್ತು. ಕರೆನ್ಸಿ ಮುಗಿದವರು ಮಿಸ್ಡ್ ಕಾಲ್ ಕೊಟ್ಟು ಕಾಯುತ್ತಿದ್ದರು. 2005ರ ಕೊನೆಯಲ್ಲಿ ಬಂದ 999 ರೂಪಾಯಿಯ ‘ಜೀವಮಾನ’ ಯೋಜನೆಗಳಲ್ಲಿ ಒಮ್ಮೆ ಹಣ ತೆತ್ತರೆ ಒಳಬರುವ ಕರೆಗೆ ಅವಧಿಯ ಚಿಂತೆ ಬಹುಮಟ್ಟಿಗೆ ಇರಲಿಲ್ಲ. ವರ್ಷಕ್ಕೆ ನಾಲ್ಕು ಕರೆ ಮಾಡುವ ಅಜ್ಜಿಗೂ ಒಂದು ಸಂಖ್ಯೆ ಇರಲು ಸಾಧ್ಯವಾದದ್ದು ಇದರಿಂದ.

2018ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕಂಪೆನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿ ರೀಚಾರ್ಜ್ ಕಡ್ಡಾಯಗೊಳಿಸಿದಾಗ ಆ ಕಾಲ ಮುಗಿಯಿತು. 2019, 2021 ಮತ್ತು 2024ರಲ್ಲಿ ಖಾಸಗಿ ಕಂಪೆನಿಗಳು ಬೆನ್ನುಬೆನ್ನಿಗೆ ದರ ಏರಿಸಿದವು. 2024ರ ಜುಲೈ ಏರಿಕೆಯ ನಂತರ ಏರ್‌ಟೆಲ್‌ನ 28 ದಿನದ ಆರಂಭಿಕ ಅನಿಯಮಿತ ಯೋಜನೆ 199 ರೂಪಾಯಿಗೆ ನಿಂತಿತು. 28 ದಿನವೆಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಆ ದರದಲ್ಲಿ ಒಂದು ಸಿಮ್‌ಗೆ ವರ್ಷಕ್ಕೆ 2,587 ರೂಪಾಯಿ. ಗಂಡ, ಹೆಂಡತಿ, ಓದುವ ಮಗಳು ಮತ್ತು ಪಂಪ್‌ಸೆಟ್ ಎಂದು ನಾಲ್ಕು ಸಿಮ್ ಇಟ್ಟುಕೊಂಡ ಮನೆಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಎರಡು ಸಿಮ್‌ಗಳ ಹ್ಯಾಂಡ್‌ಸೆಟ್ ಇದ್ದರೂ ಎರಡನೆಯ ಸಿಮ್ ಉಳಿಸಿಕೊಳ್ಳುವುದು ದುಬಾರಿಯಾಯಿತು. ರೇಂಜ್ ಕೈಕೊಟ್ಟಾಗ ಆಸರೆಯಾಗುತ್ತಿದ್ದ ಎರಡನೆಯ ಕಂಪೆನಿಯನ್ನು ಬಿಟ್ಟುಕೊಟ್ಟವರು ಹಳ್ಳಿಯವರೇ. ಆ ಜುಲೈನಲ್ಲಿ ದರ ಏರಿಸದ ಬಿಎಸ್‌ಎನ್‌ಎಲ್ ಕಡೆಗೆ ದೇಶದಾದ್ಯಂತ ಗ್ರಾಹಕರು ಹೊರಳಿದ್ದಕ್ಕೆ ಕಾರಣ ವೇಗವಲ್ಲ, ಈ ಲೆಕ್ಕ.

ಟ್ರಾಯ್ ಕೆಲವು ಪರಿಹಾರಗಳನ್ನು ನೀಡಿದೆ. 30 ದಿನ ಅವಧಿಯ ಒಂದು ಯೋಜನೆಯಾದರೂ ಇರಬೇಕೆಂದು 2022ರಲ್ಲಿ ಆದೇಶಿಸಿತು. ಇಂಟರ್ನೆಟ್ ಬೇಡದವರಿಗಾಗಿ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ, ಗರಿಷ್ಠ 365 ದಿನ ಅವಧಿಯ ಯೋಜನೆ ಕಡ್ಡಾಯವೆಂದು 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿತು. 2025ರ ಜನವರಿಯಲ್ಲಿ ಕಂಪೆನಿಗಳು ಅಂತಹ ಯೋಜನೆಗಳನ್ನು ಹೊರತಂದವು. ಇದಲ್ಲದೆ, 90 ದಿನ ಬಳಸದ ಪ್ರೀಪೇಯ್ಡ್ ಸಂಖ್ಯೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿತ ಮಾಡಿಕೊಂಡು ಸಂಖ್ಯೆಯನ್ನು ಮತ್ತೆ 30 ದಿನ ಉಳಿಸಬೇಕೆಂಬ ನಿಯಮ 2013ರಷ್ಟು ಹಿಂದಿನದು. ಜಾಹೀರಾತಿನಲ್ಲಿ ಎದ್ದು ಕಾಣದ ಈ ಸೌಲಭ್ಯಗಳನ್ನು ಕೇಳಿಯೇ ಪಡೆಯಬೇಕು.

ಕಾಡಿನೊಳಗಿನ ಮೌನ

ಇಷ್ಟೆಲ್ಲ ಲೆಕ್ಕ ಒಂದಾದರೂ ಜಾಲ ಸಿಗುವವರದು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದ ಒಳಗೂ ಅಂಚಿನಲ್ಲೂ ಇರುವ ಆಮಗಾಂವ, ಗವ್ವಾಳಿ, ಕೊಂಗಳಾ, ಪಾಸ್ತೋಲಿ, ತಳೇವಾಡಿಯಂತಹ ಜನವಸತಿಗಳ ಕೊರತೆ ಸಿಮ್‌ನಿಂದ ನೀಗುವಂತಹದಲ್ಲ. ರಸ್ತೆ, ಸೇತುವೆಗಳಂತೆಯೇ ದೂರವಾಣಿ ಸಂಪರ್ಕವೂ ಅಲ್ಲಿ ಬಹುಕಾಲದ ಬೇಡಿಕೆ. 2024ರ ಮಳೆಗಾಲದಲ್ಲಿ ಈ ಭಾಗದ ಅಸ್ವಸ್ಥ ಮಹಿಳೆಯೊಬ್ಬರನ್ನು ಗ್ರಾಮಸ್ಥರು ಹೊತ್ತು ಕಾಡುದಾರಿಯಲ್ಲಿ ಕಿಲೋಮೀಟರ್‌ಗಟ್ಟಲೆ ನಡೆದು ಆಂಬುಲೆನ್ಸ್ ಬಳಿ ತಂದ ಸಂಗತಿ ರಾಜ್ಯದ ಗಮನ ಸೆಳೆದಿತ್ತು. ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಿಂದಲೇ ಇದೆ. ಆದರೆ ಆ ಮೂರು ಅಂಕಿಗಳನ್ನು ಒತ್ತಲು ರೇಂಜ್ ಬೇಕು.

ಅಭಯಾರಣ್ಯದಲ್ಲಿ ಗೋಪುರ ನಿಲ್ಲಿಸಲು, ಕೇಬಲ್ ಹೂಳಲು, ವಿದ್ಯುತ್ ತಂತಿ ಎಳೆಯಲು ಅರಣ್ಯ ಹಾಗೂ ವನ್ಯಜೀವಿ ಕಾನೂನುಗಳ ಅನುಮತಿ ಅಗತ್ಯ. ಕೆಲವೇ ಮನೆಗಳ ಊರಿಗೆ ಗೋಪುರ ಹಾಕಿದರೆ ಕಂಪೆನಿಗೆ ಆದಾಯ ಹುಟ್ಟದು. ಈ ಕಾರಣಕ್ಕೇ ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ, ಸಂಪರ್ಕವಿಲ್ಲದ 24,680 ಗ್ರಾಮಗಳಿಗೆ 4ಜಿ ತಲುಪಿಸುವ 26,316 ಕೋಟಿ ರೂಪಾಯಿಯ ಯೋಜನೆಯನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಇನ್ನೊಂದೆಡೆ, ಕಾಡಿನ ಕೆಲವು ಊರುಗಳ ಸ್ಥಳಾಂತರದ ಪ್ರಕ್ರಿಯೆಯೂ ಸಾಗಿದೆ. ಸ್ಥಳಾಂತರವಾಗಲಿರುವ ಊರಿಗೆ ಗೋಪುರ ಏಕೆ ಎಂಬ ವಾದ ಕಡತದಲ್ಲಿ ಸರಿಯೆನಿಸಬಹುದು. ಸ್ಥಳಾಂತರ ಆಗುವ ದಿನದವರೆಗೆ ಅಲ್ಲಿ ಹೆರಿಗೆಯೂ ಇರುತ್ತದೆ, ಜ್ವರವೂ ಇರುತ್ತದೆ.

ಸರ್ಕಾರದ ಸೇವೆಗಳು ಮೊಬೈಲ್ ಮೂಲಕವೇ ಹರಿಯತೊಡಗಿದ ಮೇಲೆ ಈ ಮೌನದ ಬೆಲೆ ಹೆಚ್ಚಿದೆ. ಬ್ಯಾಂಕಿನ ಒಟಿಪಿ, ಪಿಎಂ–ಕಿಸಾನ್ ದೃಢೀಕರಣ, ಪಡಿತರ ಅಂಗಡಿಯ ಯಂತ್ರ, ಎಲ್ಲಕ್ಕೂ ಜಾಲ ಬೇಕು. ಉದ್ಯೋಗ ಖಾತರಿ ಕೂಲಿಕಾರರ ಹಾಜರಾತಿಯನ್ನು ಆ್ಯಪ್‌ನಲ್ಲಿ ಚಿತ್ರಸಮೇತ ದಾಖಲಿಸುವುದು 2023ರ ಜನವರಿಯಿಂದ ಕಡ್ಡಾಯವಾದಾಗ, ರೇಂಜ್ ಕೂಲಿಗೇ ಸಂಬಂಧಿಸಿದ ವಿಷಯವಾಯಿತು. 2020ರ ಕೋವಿಡ್ ಕಾಲದಲ್ಲಿ ಪಾಠ ಕೇಳಲು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ್ದನ್ನು ನಾಡು ಕಂಡಿದೆ.

ಸಿಮ್, ಹ್ಯಾಂಡ್‌ಸೆಟ್ ಕೊಳ್ಳುವ ಮುನ್ನ

* ದೂರು ಯಾರದು ಎಂದು ಮೊದಲು ತಿಳಿಯಬೇಕು. ಅದೇ ಸಿಮ್ಮನ್ನು ಅದೇ ಜಾಗದಲ್ಲಿ ಬೇರೆ ಹ್ಯಾಂಡ್‌ಸೆಟ್ಟಿಗೆ ಹಾಕಿದಾಗ ಸಂಕೇತ ಸಿಕ್ಕರೆ ದೋಷ ಹ್ಯಾಂಡ್‌ಸೆಟ್ಟಿನದು. ಪೂರ್ತಿ ಕಡ್ಡಿಗಳಿದ್ದೂ ಸಂಜೆ ಹೊತ್ತು ಮಾತ್ರ ಇಂಟರ್ನೆಟ್ ನಿಧಾನವಾದರೆ ಅದು ಗೋಪುರದ ದಟ್ಟಣೆ. ಕಡ್ಡಿಗಳೇ ಇಲ್ಲದಿದ್ದರೆ ಅದು ವ್ಯಾಪ್ತಿಯ ಕೊರತೆ.

* ಊರಿನ ಹಿರಿಯರಿಗೆ ಸಿಮ್ ಕೊಡಿಸುವವರು ಅದನ್ನು ಅವರು ಮಲಗುವ ಕೋಣೆಯಲ್ಲಿ, ದನದ ಕೊಟ್ಟಿಗೆಯಲ್ಲಿ, ಹೊಲದಲ್ಲಿ ಪರೀಕ್ಷಿಸಿಯೇ ಕೊಡಬೇಕು. ಪಕ್ಕದ ಮನೆಯವರ ಅನುಭವಕ್ಕಿಂತ ದೊಡ್ಡ ಪ್ರಮಾಣ ಬೇರಿಲ್ಲ.

* ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳಂತೆ ಕಂಪೆನಿಗಳು ತಮ್ಮ ಜಾಲದ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. 2ಜಿ, 4ಜಿ, 5ಜಿ ಎಲ್ಲೆಲ್ಲಿ ಇದೆ ಎಂಬುದನ್ನು ಅಲ್ಲಿ ಊರಿನ ಮಟ್ಟದಲ್ಲಿ ನೋಡಬಹುದು. ಗುಡ್ಡದ ಹಿಂದಿನ ಮನೆಗೆ ನಕ್ಷೆಯ ಬಣ್ಣ ಅನ್ವಯಿಸದಿರಬಹುದು.

* ಕಂಪೆನಿ ಬದಲಿಸಲು ಇಂಗ್ಲಿಷ್ ಅಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಅಕ್ಷರದ ಜಾಗ ಬಿಟ್ಟು ತಮ್ಮ ಸಂಖ್ಯೆಯನ್ನು ನಮೂದಿಸಿ 1900ಕ್ಕೆ ಸಂದೇಶ ಕಳುಹಿಸಬೇಕು. ಮರಳಿ ಬರುವ ಸಂಕೇತ ಕರ್ನಾಟಕದಲ್ಲಿ ನಾಲ್ಕು ದಿನ ಮಾನ್ಯ. ಈಗಿನ ಕಂಪೆನಿಯಲ್ಲಿ ಕನಿಷ್ಠ 90 ದಿನ ಕಳೆದಿರಬೇಕು. ಸಿಮ್ ಕಳೆದು ಹೊಸದು ಪಡೆದಿದ್ದರೆ ಏಳು ದಿನ ಕಾಯಬೇಕು. ವೃತ್ತದೊಳಗಿನ ಬದಲಾವಣೆಗೆ ಮೂರು ಕೆಲಸದ ದಿನ. ಗೋವಾ ಅಥವಾ ಮಹಾರಾಷ್ಟ್ರಕ್ಕೆ ನೆಲೆ ಬದಲಿಸಿದವರಿಗೆ ಐದು.

* ಮನೆಗೆ ಬ್ರಾಡ್‌ಬ್ಯಾಂಡ್ ಇದ್ದು ಮೊಬೈಲ್ ಸಂಕೇತ ಇಲ್ಲದಿದ್ದರೆ ವೈ–ಫೈ ಕರೆ ಸೌಲಭ್ಯವುಳ್ಳ ಹ್ಯಾಂಡ್‌ಸೆಟ್ ಆರಿಸುವುದು ಉತ್ತಮ. ಏರ್‌ಟೆಲ್ ಮತ್ತು ಜಿಯೊ ಈ ಸೇವೆಯನ್ನು 2019–20ರಲ್ಲಿ ಆರಂಭಿಸಿದವು.

* ಹಳೆಯ ಹ್ಯಾಂಡ್‌ಸೆಟ್ ಕೊಳ್ಳುವಾಗ *#06# ಒತ್ತಿ ಐಎಂಇಐ ಸಂಖ್ಯೆ ನೋಡಿ, ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ ತಾಣದಲ್ಲಿ ಅದನ್ನು ಪರಿಶೀಲಿಸಬಹುದು. 2023ರಲ್ಲಿ ಆರಂಭವಾದ ಈ ತಾಣದ ಮೂಲಕವೇ ಕಳೆದುಹೋದ ಹ್ಯಾಂಡ್‌ಸೆಟ್ಟನ್ನು ನಿರ್ಬಂಧಿಸಬಹುದು.

* ಸೇವೆಯ ದೂರಿಗೆ 198ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬೇಕು. ಪರಿಹಾರ ತೃಪ್ತಿಕರವಲ್ಲದಿದ್ದರೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಜಿಲ್ಲಾ ಮಟ್ಟದಲ್ಲಿ 24 ಗಂಟೆಗೂ ಮೀರಿ ಸೇವೆ ಸ್ಥಗಿತವಾದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆ ನೀಡಬೇಕೆಂದು 2024ರ ನಿಯಮಗಳು ಹೇಳುತ್ತವೆ.

ಈ ಕೊನೆಯ ನಿಯಮದ ಅಳತೆ ಜಿಲ್ಲೆ ಎಂಬುದನ್ನು ಗಮನಿಸಬೇಕು. ಇಡೀ ಬೆಳಗಾವಿ ಜಿಲ್ಲೆಯಲ್ಲಿ ಸೇವೆ ನಿಂತರೆ ಪರಿಹಾರ ಉಂಟು. ಕಣಕುಂಬಿಯ ಗೋಪುರವೊಂದು ಮಳೆಗಾಲದಲ್ಲಿ ವಾರಗಟ್ಟಲೆ ಕೆಟ್ಟು ನಿಂತರೂ ಅದು ಜಿಲ್ಲೆಯ ಲೆಕ್ಕಕ್ಕೆ ಬರುವುದಿಲ್ಲ. ಗುಣಮಟ್ಟದ ಅಳತೆ ಗೋಪುರದ ಮಟ್ಟಕ್ಕೆ ಇಳಿಯುವವರೆಗೆ ಅಲ್ಲಿನ ಗ್ರಾಹಕರ ಪಾಲಿಗೆ ಉಳಿಯುವುದು 198ರಲ್ಲಿ ದಾಖಲಿಸಿದ ದೂರು ಮಾತ್ರ. ಅದನ್ನು ದಾಖಲಿಸಲು ಅವರು ರೇಂಜ್ ಇರುವ ಊರಿಗೆ ಬರಬೇಕಾಗುತ್ತದೆ.